ಫಾಲ್ಮತ್‌ನಲ್ಲಿ ಒಂದು ದಿನ: ಊರು ಸುತ್ತುವುದಾ, ತೆಪ್ಪ ಹತ್ತುವುದಾ, ಬಸ್ಸಿನಲ್ಲಿ ಕೂರುವುದಾ?

ಊರಿನಿಂದ ಅಪ್ಪ ಅಮ್ಮ ಬಂದರೆ ಅಮೆರಿಕದಲ್ಲಿರುವ ನಮ್ಮವರು ಫ್ಲಾರಿಡಾದಿಂದ ಹೊರಡುವ ಹಡಗಿಗೆ ಟಿಕೆಟ್ ಮಾಡಿಸುವುದು ಈಗ ಮಾಮೂಲು. ಆ ಹಡಗಿನ ಪಟ್ಟಿಯಲ್ಲಿ ಒಂದು ದಿನ ‘ಫಾಲ್ಮತ್, ಜಮೈಕಾ’ ಎಂದಿದ್ದರೆ ನನಗೆ ಫೋನು ಬರುತ್ತದೆ. “ಅಲ್ಲಿ ಇಳಿದು ಏನು ನೋಡೋದು? ಜಲಪಾತಾನಾ, ತೆಪ್ಪಾನಾ, ಹಳೇ ಊರಾ? ರಾತ್ರಿ ಹೊಳೆಯೋ ನೀರು ಇದೆಯಂತೆ, ನಿಜಾನಾ?”

ನಿಜ. ಆದರೆ ಎಲ್ಲವೂ ಎಲ್ಲರಿಗೂ ಅಲ್ಲ. ನಾನು ಫಾಲ್ಮತ್‌ಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹಡಗಿನಲ್ಲಿ, ಅತ್ತೆ ಮಾವನ ಜೊತೆ. ಆವತ್ತು ಅರ್ಧ ದಿನ ಬಸ್ಸಿನಲ್ಲೇ ಕಳೆಯಿತು. ಎರಡನೇ ಸಲ ಮಾಂಟೆಗೊ ಬೇಯಲ್ಲಿ ನಾಲ್ಕು ರಾತ್ರಿ ಉಳಿದು, ಹಿಂದಿನ ಸಲ ಬಿಟ್ಟದ್ದನ್ನೆಲ್ಲ ನೋಡಿದೆವು. ಹಾಗಾಗಿ ಎರಡೂ ಬಗೆಯ ಪ್ರವಾಸದ ಕಷ್ಟಸುಖ ಗೊತ್ತು.

ಊರು ಎಲ್ಲಿದೆ ಎಂದು ಮೊದಲು ಹೇಳಿಬಿಡುತ್ತೇನೆ. ಫಾಲ್ಮತ್ ಇರುವುದು ಜಮೈಕಾದ ಉತ್ತರ ಕರಾವಳಿಯಲ್ಲಿ, ಟ್ರಿಲಾನಿ ಪ್ರಾಂತ್ಯದ ಮುಖ್ಯ ಪಟ್ಟಣ. ಪಶ್ಚಿಮಕ್ಕೆ ಸುಮಾರು 35 ಕಿ.ಮೀ. ಹೋದರೆ ಮಾಂಟೆಗೊ ಬೇ, ವಿಮಾನ ನಿಲ್ದಾಣ ಇರುವುದು ಅಲ್ಲೇ. ಪೂರ್ವಕ್ಕೆ ಅದರ ಎರಡರಷ್ಟು ದೂರದಲ್ಲಿ ಓಚೊ ರಿಯೋಸ್. ಉಸೇನ್ ಬೋಲ್ಟ್ ಹುಟ್ಟಿದ ಶೆರ್‌ವುಡ್ ಕಂಟೆಂಟ್ ಹಳ್ಳಿಯೂ ಇದೇ ಟ್ರಿಲಾನಿಯದು. ಬೋಲ್ಟ್ ಅಷ್ಟು ಜೋರಾಗಿ ಓಡುವುದಕ್ಕೆ ಇಲ್ಲಿನ ‘ಯಾಮ್’ ಎಂಬ ಗೆಡ್ಡೆಯೇ ಕಾರಣ ಎಂದು ಊರಿನವರು ಹೇಳುತ್ತಾರೆ. ನಗುತ್ತಾ ಹೇಳಿದರೂ ಪೂರ್ತಿ ತಮಾಷೆಯೇನಲ್ಲ.

ಆರಿಸುವ ಮುನ್ನ ನಾಲ್ಕು ಪ್ರಶ್ನೆ

ಗಂಟೆ, ಮಂಡಿ, ಕಾಸು, ಚಂದ್ರ. ಇಷ್ಟನ್ನು ಕೇಳಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಗಂಟೆ ಎಂದರೆ ನಿಮ್ಮ ಕೈಯಲ್ಲಿ ನಿಜಕ್ಕೂ ಎಷ್ಟು ಹೊತ್ತಿದೆ ಎನ್ನುವುದು. ಹಡಗು ಎಂಟು ಗಂಟೆ ನಿಲ್ಲುತ್ತದೆ ಎಂದು ಬರೆದಿದ್ದರೆ ಅದರಲ್ಲಿ ಇಳಿಯುವ ಸಾಲಿಗೆ ಒಂದು ಗಂಟೆ, ಬೇಗ ಹತ್ತಿಕೊಳ್ಳುವುದಕ್ಕೆ ಒಂದು ಗಂಟೆ ಕಳೆಯಿರಿ. ಉಳಿಯುವುದು ಆರು. ಮಂಡಿ ಎಂದರೆ ಜೊತೆಯಲ್ಲಿ ಯಾರಿದ್ದಾರೆ ಎಂಬುದು. ಎಪ್ಪತ್ತರ ಅಮ್ಮ ಜಾರುವ ಬಂಡೆ ಹತ್ತುತ್ತಾರಾ? ಐದು ವರ್ಷದ ಮಗು ಬಿಸಿಲಲ್ಲಿ ಎರಡು ಗಂಟೆ ನಡೆಯುತ್ತದಾ? ಕಾಸಿನ ವಿಷಯದಲ್ಲಿ ಒಂದು ಮಾತು ನೆನಪಿಡಿ. ಟಿಕೆಟ್ಟಿಗಿಂತ ಓಡಾಟಕ್ಕೇ ಜಾಸ್ತಿ ಹೋಗುತ್ತದೆ. ಚಂದ್ರನ ಕಥೆ ಕೊನೆಗೆ ಹೇಳುತ್ತೇನೆ.

ಹಳೇ ಊರು: ಕಾಸು ಬೇಡ, ಕಾಲು ಬೇಕು

ಹಡಗಿನಿಂದ ಇಳಿದವರಲ್ಲಿ ಹೆಚ್ಚಿನವರು ಬಂದರಿನ ಒಳಗಿನ ಅಂಗಡಿ ಸಾಲು ದಾಟಿ ನೇರ ಬಸ್ಸು ಹತ್ತುತ್ತಾರೆ. ಗೇಟಿನ ಆಚೆ ಐದು ನಿಮಿಷದ ನಡಿಗೆಯಲ್ಲಿ ಇನ್ನೂರು ವರ್ಷ ಹಳೆಯ ಊರಿದೆ ಎಂದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಮೊದಲ ಸಲ ಬೆಳಿಗ್ಗೆ ಬಸ್ಸು ಹತ್ತುವಾಗ ಅದು ಇಷ್ಟು ಹತ್ತಿರ ಎಂದು ನನಗೂ ಗೊತ್ತಿರಲಿಲ್ಲ.

ಥಾಮಸ್ ರೀಡ್ ಎಂಬ ತೋಟದ ಮಾಲೀಕ 1769ರಲ್ಲಿ ಈ ಊರು ಕಟ್ಟಿಸಿದ. ಆಗಿನ ಗವರ್ನರ್ ವಿಲಿಯಂ ಟ್ರಿಲಾನಿ. ಅವನ ಹೆಸರು ಪ್ರಾಂತ್ಯಕ್ಕೆ, ಇಂಗ್ಲೆಂಡಿನಲ್ಲಿ ಅವನು ಹುಟ್ಟಿದ ಊರಿನ ಹೆಸರು ಪಟ್ಟಣಕ್ಕೆ. ಸುತ್ತಲೂ ಕಬ್ಬಿನ ತೋಟ. ಸಕ್ಕರೆ ಮತ್ತು ರಮ್ ಹೊರಗೆ ಹೋಗುತ್ತಿತ್ತು, ಆಫ್ರಿಕಾದಿಂದ ಗುಲಾಮರನ್ನು ಹೊತ್ತ ಹಡಗುಗಳು ಒಳಗೆ ಬರುತ್ತಿದ್ದವು. ಒಂದೇ ದಿನ ಮೂವತ್ತು ಹಡಗು ಬಂದರಿನಲ್ಲಿ ನಿಂತಿರುತ್ತಿದ್ದವು ಎನ್ನುತ್ತಾರೆ. 1799ರ ಹೊತ್ತಿಗೇ ಇಲ್ಲಿ ಕೊಳವೆ ನೀರು ಬಂದಿತ್ತು. ನ್ಯೂಯಾರ್ಕಿಗಿಂತ ಮೊದಲೇ ನಮಗೆ ನಲ್ಲಿ ಬಂತು ಎಂದು ಗೈಡುಗಳೆಲ್ಲ ಹೇಳುತ್ತಾರೆ. ಆ ನೀರು ತುಂಬಿಸುತ್ತಿದ್ದ ತೊಟ್ಟಿ ಇದ್ದ ಜಾಗವೇ ಈಗಿನ ವಾಟರ್ ಸ್ಕ್ವೇರ್. ನಡಿಗೆ ಶುರು ಮಾಡಲು ಅದೇ ಒಳ್ಳೆಯ ಜಾಗ.

ಊರಿನ ಹಳೇ ಕಟ್ಟಡಗಳು ಉಳಿದದ್ದು ಹೇಗೆ ಗೊತ್ತಾ? ಊರು ಬಡವಾಗಿದ್ದರಿಂದ. ಗುಲಾಮಗಿರಿ ಹೋಯಿತು, ಸಕ್ಕರೆ ವ್ಯಾಪಾರ ಬಿತ್ತು, ಉಗಿ ಹಡಗುಗಳು ಬಂದ ಮೇಲೆ ಇಲ್ಲಿನ ಬಂದರಿಗೆ ಆಳ ಸಾಲಲಿಲ್ಲ. ದುಡ್ಡಿದ್ದಿದ್ದರೆ ಎಲ್ಲ ಕೆಡವಿ ಹೊಸದು ಕಟ್ಟುತ್ತಿದ್ದರು. ದುಡ್ಡಿರಲಿಲ್ಲ, ಹಾಗಾಗಿ ಜಾರ್ಜಿಯನ್ ಕಾಲದ, ಅಂದರೆ ಬ್ರಿಟನ್ನಿನ ಜಾರ್ಜ್ ದೊರೆಗಳ ಕಾಲದ ಮನೆಗಳು ಹಾಗೇ ನಿಂತವು. ಕೆಳಗೆ ಕಂಬಸಾಲಿನ ನೆರಳು, ಮೇಲೆ ಬೀದಿಗೆ ಚಾಚಿದ ಮರದ ಅಂತಸ್ತು, ಪಟ್ಟಿ ಪಟ್ಟಿ ಬಾಗಿಲಿನ ಕಿಟಕಿ. ಆಮೇಲೆ ದೈತ್ಯ ಕ್ರೂಸ್ ಹಡಗುಗಳಿಗಾಗಿ ಸಮುದ್ರದ ತಳವನ್ನೇ ಅಗೆದು 2011ರಲ್ಲಿ ಹೊಸ ಬಂದರು ತೆರೆದರು. ಊರಿನ ಜನಸಂಖ್ಯೆ ಹತ್ತು ಸಾವಿರವೂ ಇಲ್ಲ. ಒಂದೊಂದು ದೊಡ್ಡ ಹಡಗು ಅದರ ಅರ್ಧಕ್ಕಿಂತ ಜಾಸ್ತಿ ಜನರನ್ನು ತಂದು ಸುರಿಯುತ್ತದೆ.

ನೋಡಲೇಬೇಕಾದದ್ದು ಮೂರು. ಸೇಂಟ್ ಪೀಟರ್ಸ್ ಆಂಗ್ಲಿಕನ್ ಚರ್ಚ್ 1795ರದು. ಅದರ ಜಾಗ ಕೊಟ್ಟದ್ದು ಇಲ್ಲಿನ ತೋಟದ ಮಾಲೀಕರಾದ ಬ್ಯಾರೆಟ್ ಮನೆತನ. ಕೋರ್ಟ್ ಹೌಸ್ ಕಟ್ಟಿದ್ದು 1815ರಲ್ಲಿ, 1926ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದರು. ಮುಂದಿನ ಎರಡು ಬದಿಯ ಮೆಟ್ಟಿಲು, ದಪ್ಪ ಕಂಬಗಳು ಫೋಟೋಗೆ ಚೆನ್ನ. ನಾನು ಹೆಚ್ಚು ಹೊತ್ತು ನಿಂತದ್ದು ಮೂರನೆಯದರಲ್ಲಿ, ವಿಲಿಯಂ ನಿಬ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ.

ನೋಡಲು ಅದು ಸಾಧಾರಣ ಕಟ್ಟಡ. 1944ರ ಚಂಡಮಾರುತದಲ್ಲಿ ಹಳೆಯದು ಬಿದ್ದು, 1948ರಲ್ಲಿ ಕಟ್ಟಿದ್ದು. ಆದರೆ ನಿಬ್ ಎಂಬ ಈ ಪಾದ್ರಿ ತೋಟದ ಮಾಲೀಕರ ಕಣ್ಣಿನ ಮುಳ್ಳಾಗಿದ್ದ. 1831ರ ಕ್ರಿಸ್ಮಸ್ ಹೊತ್ತಿಗೆ ಸ್ಯಾಮ್ ಶಾರ್ಪ್ ಮುಂದಾಳತ್ವದಲ್ಲಿ ಗುಲಾಮರು ದಂಗೆ ಎದ್ದಾಗ ಬಿಳಿಯರ ಪಡೆ ನಿಬ್‌ನ ಪ್ರಾರ್ಥನಾ ಮಂದಿರವನ್ನೇ ಕೆಡವಿ ಹಾಕಿತು. ಅವನು ಇಂಗ್ಲೆಂಡಿಗೆ ಹೋಗಿ ಗುಲಾಮಗಿರಿಯ ವಿರುದ್ಧ ಸಾಕ್ಷಿ ಹೇಳಿದ. ಗುಲಾಮಗಿರಿ ತೆಗೆಯುವ ಕಾನೂನು 1834ರಲ್ಲಿ ಜಾರಿಗೆ ಬಂದರೂ ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ ದುಡಿಸಿಕೊಳ್ಳುವುದು ಇನ್ನೂ ನಾಲ್ಕು ವರ್ಷ ನಡೆಯಿತು. ಅದೂ ಮುಗಿದದ್ದು 1838ರ ಆಗಸ್ಟ್ 1ಕ್ಕೆ. ಹಿಂದಿನ ರಾತ್ರಿ ಜನರೆಲ್ಲ ಇಲ್ಲಿ ಸೇರಿದರು. ಚಾಟಿ, ಸರಪಳಿ, ಕುತ್ತಿಗೆಗೆ ಹಾಕುವ ಕಬ್ಬಿಣದ ಪಟ್ಟಿ, ಇವನ್ನೆಲ್ಲ ಶವಪೆಟ್ಟಿಗೆಯಲ್ಲಿಟ್ಟು ಹೆಣದ ಹಾಗೆ ಹೂತರು. ನಿಬ್ 1845ರಲ್ಲಿ ತೀರಿಕೊಂಡ. ಅವನ ಸಮಾಧಿ ಅಂಗಳದಲ್ಲೇ ಇದೆ. ನಮ್ಮ ಮಾವ ಎರಡು ನಿಮಿಷ ಸುಮ್ನೆ ನಿಂತು, “ಬಸ್ಸಿನವನು ಇದನ್ನ ತೋರಿಸಲೇ ಇಲ್ಲವಲ್ಲೋ” ಎಂದರು.

ಅವರು ಹೇಳಿದ್ದು ಅದೇ ದಿನ ಬೆಳಿಗ್ಗೆ ದುಡ್ಡು ಕೊಟ್ಟು ಹತ್ತಿದ ‘ಚಾರಿತ್ರಿಕ ಪಟ್ಟಣ ದರ್ಶನ’ದ ಬಸ್ಸಿನ ಬಗ್ಗೆ. ಇಪ್ಪತ್ತು ನಿಮಿಷ ಬೀದಿ ತೋರಿಸಿ, ಮಾಂಟೆಗೊ ಬೇಯ ಒಂದು ಅಂಗಡಿಯ ಮುಂದೆ ಒಂದೂವರೆ ಗಂಟೆ ನಿಲ್ಲಿಸಿದರು. ವಾಪಸ್ ಬಂದ ಮೇಲೆ ಉಳಿದ ಒಂದು ಗಂಟೆಯಲ್ಲಿ ನಾವೇ ನಡೆದು ಹೋಗಿ ಚರ್ಚ್ ನೋಡಿದ್ದು. ಬಸ್ಸಿನಲ್ಲಿ ಊರು ನೋಡುವ ಯಾವ ಟಿಕೆಟ್ಟನ್ನೂ ಕೊಳ್ಳಬೇಡಿ ಎಂದು ನಾನು ಹೇಳುವುದು ಅದಕ್ಕೇ. ನಡೆಸಿಕೊಂಡು ಹೋಗುವ ಗೈಡ್ ಸಿಕ್ಕರೆ ಮಾತ್ರ ಕೊಡುವ ಕಾಸು ದಂಡವಲ್ಲ.

ಕೊರತೆಗಳೂ ಇವೆ. ಕಟ್ಟಡಗಳಲ್ಲಿ ಅರ್ಧದಷ್ಟು ಪಾಳು. ಎಡ್ವರ್ಡ್ ಬ್ಯಾರೆಟ್‌ನ ಮಾರ್ಕೆಟ್ ಸ್ಟ್ರೀಟ್ ಮನೆಯ ಮೇಲಿನ ಮರದ ಭಾಗ ಉಳಿದೇ ಇಲ್ಲ. ಕಾಲುದಾರಿ ಎತ್ತರ ತಗ್ಗು, ಗಾಲಿಕುರ್ಚಿಗೆ ಕಷ್ಟ. ಗೇಟು ದಾಟಿದ ಕೂಡಲೇ ಟ್ಯಾಕ್ಸಿ, ಮಣಿಸರ, ಜಡೆ ಹಾಕುವವರು ಮುತ್ತಿಕೊಳ್ಳುತ್ತಾರೆ. ನಗುತ್ತಾ “ನೋ ಥ್ಯಾಂಕ್ಸ್” ಎಂದು ನಡೆಯುತ್ತಲೇ ಇದ್ದರೆ ಎರಡನೇ ಬೀದಿಯಿಂದ ಆಚೆ ಯಾರೂ ಬರುವುದಿಲ್ಲ. ಬುಧವಾರ ಹೋದರೆ ‘ಬೆಂಡ್ ಡೌನ್ ಮಾರ್ಕೆಟ್’ ಎಂಬ ಸಂತೆ ಸಿಗುತ್ತದೆ. ಸರಕೆಲ್ಲ ನೆಲದ ಮೇಲೆ, ಬಗ್ಗಿ ಆರಿಸಬೇಕು, ಅದಕ್ಕೇ ಆ ಹೆಸರು.

ಒಟ್ಟು ಬೇಕಾಗುವುದು ಎರಡರಿಂದ ಮೂರು ಗಂಟೆ. ಬೆಳಿಗ್ಗೆ ಹತ್ತರೊಳಗೆ ಮುಗಿಸಿದರೆ ಬಿಸಿಲು ತಾಗುವುದಿಲ್ಲ.

ಮಾರ್ಥಾ ಬ್ರೇ: ಅಮ್ಮನಿಗೂ ಮಗುವಿಗೂ

ಮಾರ್ಥಾ ಬ್ರೇ ಒಂದು ನದಿ, ಊರಿನಿಂದ ಒಳನಾಡಿಗೆ ಇಪ್ಪತ್ತು ನಿಮಿಷದ ದಾರಿ. ಮೂವತ್ತು ಅಡಿ ಉದ್ದದ ಬಿದಿರಿನ ತೆಪ್ಪ, ಮೇಲೆ ಇಬ್ಬರಿಗೆ ಕೂರಲು ಎತ್ತರದ ಸೀಟು, ಮುಂದೆ ಉದ್ದನೆಯ ಗಳ ಹಿಡಿದು ನಿಂತ ಅಂಬಿಗ. ಅವನನ್ನು ಇಲ್ಲಿ ಕ್ಯಾಪ್ಟನ್ ಎನ್ನಬೇಕು. ಸುಮಾರು ಐದು ಕಿ.ಮೀ. ದಾರಿ, ಒಂದರಿಂದ ಒಂದೂವರೆ ಗಂಟೆ. ನಮ್ಮ ಹರಿಗೋಲಿನ ಹಾಗೆ ಗಿರಗಿರ ತಿರುಗುವುದಿಲ್ಲ, ನೀರಿನ ಸೆಳೆತವೂ ಜೋರಿಲ್ಲ. ನೀರಿಗೆ ಹೆದರುವ ನಮ್ಮ ಅತ್ತೆ ಎರಡನೇ ತಿರುವಿನಲ್ಲಿ ಚಪ್ಪಲಿ ಬಿಚ್ಚಿ ಕಾಲು ನೀರಿಗಿಳಿಸಿದರು. ಇಷ್ಟು ಹೇಳಿದರೆ ಸಾಕು ಅಲ್ವಾ?

ನದಿಯ ಹೆಸರಿಗೊಂದು ಕಥೆ ಇದೆ. ಇಲ್ಲಿನ ಮೂಲನಿವಾಸಿಗಳಾದ ಟೈನೋ ಬುಡಕಟ್ಟಿನಲ್ಲಿ ಮಾರ್ಥಾ ಬ್ರೇ ಎಂಬ ಮಾಟಗಾತಿ ಇದ್ದಳಂತೆ. ಬಂಗಾರ ಎಲ್ಲಿದೆ ತೋರಿಸು ಎಂದು ಸ್ಪೇನಿನವರು ಕಾಡಿದರು. ಅವಳು ಅವರನ್ನು ನದಿಯ ಹತ್ತಿರ ಕರೆದೊಯ್ದು, ನದಿಯ ಹರಿವನ್ನೇ ತಿರುಗಿಸಿ ಎಲ್ಲರನ್ನೂ ಮುಳುಗಿಸಿದಳು. ಪ್ರತಿ ಕ್ಯಾಪ್ಟನ್ ಇದಕ್ಕೆ ತನ್ನದೊಂದು ಒಗ್ಗರಣೆ ಸೇರಿಸುತ್ತಾನೆ.

ಕಾಸಿನ ಲೆಕ್ಕದಲ್ಲಿ ಒಂದು ಅನುಕೂಲ: ದರ ತೆಪ್ಪಕ್ಕೆ, ತಲೆಗಲ್ಲ. ಇಬ್ಬರು ದೊಡ್ಡವರ ಜೊತೆ ಒಂದು ಸಣ್ಣ ಮಗು ಕೂರಬಹುದು. ಒಬ್ಬರೇ ಹೋದರೆ ದುಬಾರಿ. ಕ್ಯಾಪ್ಟನ್‌ಗೆ ಕೊಡುವ ಭಕ್ಷೀಸು ಬೇರೆ ಎತ್ತಿಡಿ, ಅದನ್ನು ಎಲ್ಲರೂ ಕೊಡುತ್ತಾರೆ. ಸಾಹಸ ಹುಡುಕುವ ಹದಿಹರೆಯದವರಿಗೆ ಮಾತ್ರ ಇದು ಬೋರು. ನಮ್ಮ ಮಗ ಹತ್ತನೇ ನಿಮಿಷಕ್ಕೇ ಆಕಳಿಸಿದ.

ದೊಡ್ಡ ಮನೆಗಳು: ಗ್ರೀನ್‌ವುಡ್, ಗುಡ್ ಹೋಪ್, ರೋಸ್ ಹಾಲ್

ತೋಟದ ಮಾಲೀಕರ ಬಂಗಲೆಗಳನ್ನು ಇಲ್ಲಿ ‘ಗ್ರೇಟ್ ಹೌಸ್’ ಎನ್ನುತ್ತಾರೆ. ಮೂರರಲ್ಲಿ ಒಂದನ್ನು ಮಾತ್ರ ಆರಿಸಿ, ಮೂರೂ ಬೇಡ.

ರೋಸ್ ಹಾಲ್ ಎಲ್ಲಕ್ಕಿಂತ ಹೆಸರುವಾಸಿ, ಮಾಂಟೆಗೊ ಬೇ ಕಡೆಗಿದೆ. ಆನೀ ಪಾಮರ್ ಎಂಬ ‘ಬಿಳಿ ಮಾಟಗಾತಿ’ ಗಂಡಂದಿರನ್ನು ಕೊಂದ ಕಥೆ ಹೇಳಿ ಹೆದರಿಸುತ್ತಾರೆ. ದಾಖಲೆ ಹುಡುಕಿದವರು ಅದು ಕಟ್ಟುಕಥೆ ಎಂದು ಎಂದೋ ತೋರಿಸಿದ್ದಾರೆ. ಮನೆ ಚಂದ, ಆದರೆ 1960ರ ದಶಕದಲ್ಲಿ ಪಾಳುಬಿದ್ದದ್ದನ್ನು ಮತ್ತೆ ಎಬ್ಬಿಸಿದ್ದು. ಭೂತದ ಕಥೆ ಇಷ್ಟಪಡುವ ಮಕ್ಕಳಿದ್ದರೆ ಹೋಗಿ.

ಗುಡ್ ಹೋಪ್ ಫಾಲ್ಮತ್‌ನ ಒಳನಾಡಿನಲ್ಲಿದೆ, ಮಾರ್ಥಾ ಬ್ರೇ ಕಣಿವೆಯಲ್ಲಿ. 1767ರಲ್ಲಿ ಇದನ್ನು ಕೊಂಡ ಜಾನ್ ಥಾರ್ಪ್ ಆ ಕಾಲದ ಜಮೈಕಾದ ಅತಿ ದೊಡ್ಡ ಗುಲಾಮ ಮಾಲೀಕರಲ್ಲಿ ಒಬ್ಬ. ಈಗ ಅಲ್ಲಿ ಮನೆಯ ಜೊತೆಗೆ ತಂತಿಗೆ ನೇತುಬಿದ್ದು ಜಾರುವ ಜಿಪ್‌ಲೈನ್, ಟ್ಯೂಬಿನಲ್ಲಿ ನದಿಗಿಳಿಯುವ ಆಟ ಎಲ್ಲ ಇವೆ. ಆಕಳಿಸಿದ ಮಗನಿಗೆ ಇದೇ ಸರಿಯಾದ ಜಾಗವಾಗಿತ್ತು. ಖರ್ಚು ಮಾತ್ರ ಈ ಪಟ್ಟಿಯಲ್ಲೇ ಜಾಸ್ತಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ಒಮ್ಮೆ ಲೆಕ್ಕ ಹಾಕಿ ನೋಡಿ.

ನನ್ನ ಓಟು ಗ್ರೀನ್‌ವುಡ್‌ಗೆ. ಫಾಲ್ಮತ್‌ನಿಂದ ಪಶ್ಚಿಮಕ್ಕೆ ಹದಿನೈದು ಇಪ್ಪತ್ತು ನಿಮಿಷ. ಕಟ್ಟಿಸಿದ್ದು ಅದೇ ಬ್ಯಾರೆಟ್ ಮನೆತನ. ಇಂಗ್ಲಿಷ್ ಕವಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಇದೇ ವಂಶದವರು, ಅವರ ತಂದೆ ಹುಟ್ಟಿದ್ದು ಜಮೈಕಾದಲ್ಲೇ. 1831ರ ದಂಗೆಯಲ್ಲಿ ಸುತ್ತಮುತ್ತಲ ಎಷ್ಟೋ ಬಂಗಲೆ ಸುಟ್ಟವು, ಇದು ಉಳಿಯಿತು. ಹಳೇ ಪುಸ್ತಕಗಳು, ಹಳೇ ಸಂಗೀತ ಯಂತ್ರಗಳು ಮನೆಯಲ್ಲೇ ಇವೆ. ಉದ್ದನೆಯ ಜಗಲಿಯಲ್ಲಿ ನಿಂತರೆ ಕಡಲು ಅಂಚಿನಿಂದ ಅಂಚಿಗೆ ಕಾಣುತ್ತದೆ. ಅಷ್ಟು ಚಂದದ ಜಾಗದಲ್ಲಿ ಕೂತು ಯಾರ ಬೆವರಿನಲ್ಲಿ ಚಹಾ ಕುಡಿಯುತ್ತಿದ್ದರು ಎಂಬ ಯೋಚನೆಯೂ ಜೊತೆಗೇ ಬರುತ್ತದೆ. ಬೆಳಿಗ್ಗೆ ನಿಬ್ ಚರ್ಚ್, ಮಧ್ಯಾಹ್ನ ಗ್ರೀನ್‌ವುಡ್ ನೋಡಿದರೆ ಒಂದೇ ಕಥೆಯ ಎರಡೂ ಕಡೆ ನೋಡಿದ ಹಾಗೆ.

ಡನ್ಸ್ ರಿವರ್ ಜಲಪಾತ: ಇಲ್ಲಿಂದ ಬೇಡ

ಮೆಟ್ಟಿಲು ಮೆಟ್ಟಿಲಾಗಿ ಕಡಲಿಗೆ ಇಳಿಯುವ ಜಲಪಾತ. ಜನ ಕೈ ಕೈ ಹಿಡಿದು ಸಾಲಾಗಿ ಹತ್ತುತ್ತಾರೆ. ಜಾಗ ಖಂಡಿತ ಚೆನ್ನಾಗಿದೆ. ಆದರೆ ಅದು ಓಚೊ ರಿಯೋಸ್‌ನದು. ಫಾಲ್ಮತ್‌ನಿಂದ ಹೋಗಿ ಬರಲು ಎರಡೂವರೆ ಗಂಟೆ ಬಸ್ಸಿನಲ್ಲೇ ಹೋಗುತ್ತದೆ. ಆರರಲ್ಲಿ ಎರಡೂವರೆ. ಜೋಗ ನೋಡಿ ಬೆಳೆದವರಿಗೆ ನೋಟಕ್ಕಾಗಿ ಅಷ್ಟು ದೂರ ಬೇಕಿಲ್ಲ, ಹತ್ತುವ ಮಜಾಕ್ಕಾಗಿ ಬೇಕಿರಬಹುದು. ಮಂಡಿ ನೋವಿನವರಿಗೆ ಬೇಡವೇ ಬೇಡ. ನಿಮ್ಮ ಹಡಗು ಇನ್ನೊಂದು ಸಲ ಓಚೊ ರಿಯೋಸ್‌ನಲ್ಲೇ ನಿಂತರೆ ಆಗ ನೋಡಿ.

ಹೊಳೆಯುವ ಹಿನ್ನೀರು: ಚಂದ್ರನನ್ನು ಕೇಳಿ

ಊರಿನಿಂದ ಪೂರ್ವಕ್ಕೆ ಎರಡು ಮೂರು ಕಿ.ಮೀ. ದೂರದಲ್ಲಿ ಮಾರ್ಥಾ ಬ್ರೇ ನದಿ ಕಡಲಿಗೆ ಸೇರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಆ ಆಳವಿಲ್ಲದ ಬೆಚ್ಚನೆ ಹಿನ್ನೀರಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇವೆ. ನೀರು ಕದಡಿದರೆ ಅವು ಮಿನುಗುತ್ತವೆ. ಮೀನು ಓಡಿದರೆ ನೀಲಿ ಗೆರೆ, ಕೈ ಆಡಿಸಿದರೆ ಕೈಗೆಲ್ಲ ಬೆಳಕು. ನಮ್ಮ ಕರಾವಳಿಯಲ್ಲೂ ಕೆಲವು ವರ್ಷ ರಾತ್ರಿ ಅಲೆಗಳು ಹೀಗೆ ಹೊಳೆದು ಜನ ನೋಡಲು ಮುಗಿಬಿದ್ದದ್ದುಂಟು, ಅದೇ ಗುಂಪಿನ ಜೀವಿಗಳು. ಅಲ್ಲಿ ಯಾವಾಗಲೋ ಒಮ್ಮೆ, ಇಲ್ಲಿ ವರ್ಷವಿಡೀ.

ಕತ್ತಲಾದ ಮೇಲೆ ದೋಣಿ ಹೊರಡುತ್ತದೆ, ಮುಕ್ಕಾಲು ಗಂಟೆಯೊಳಗೆ ವಾಪಸ್. ಈಜು ಬಂದರೆ ನೀರಿಗೆ ಇಳಿಯಬಹುದು. ದೋಣಿಯಲ್ಲೇ ಕೂತು ನೋಡಿದರೆ ಅರ್ಧ ಮಜಾ ಅಷ್ಟೇ. ಫೋನಿನಲ್ಲಿ ಫೋಟೋ ಬರುವುದಿಲ್ಲ, ಪ್ರಯತ್ನವನ್ನೇ ಮಾಡಬೇಡಿ.

ಎರಡು ಷರತ್ತು. ಹಡಗುಗಳು ಸಾಮಾನ್ಯವಾಗಿ ಸಂಜೆಯೊಳಗೆ ಹೊರಟುಬಿಡುತ್ತವೆ, ಹಾಗಾಗಿ ಹಡಗಿನವರಿಗೆ ಇದು ಸಿಗುವುದು ಕಡಿಮೆ. ಉಳಿದುಕೊಳ್ಳುವವರು ಪಂಚಾಂಗ ನೋಡಿ ಹೋಗಿ. ಅಮಾವಾಸ್ಯೆಯ ಹಿಂದೆ ಮುಂದೆ ಎಷ್ಟು ಕತ್ತಲೋ ಅಷ್ಟು ಹೊಳಪು. ಹುಣ್ಣಿಮೆಯ ರಾತ್ರಿ ಹೋದವರು “ಏನಿಲ್ಲ, ಸುಮ್ನೆ ದುಡ್ಡು ದಂಡ” ಎಂದು ಬೈಯುತ್ತಾರೆ. ತಪ್ಪು ಹಿನ್ನೀರಿನದಲ್ಲ, ತಿಥಿಯದು.

ಸಮಯ ಉಳಿದವರಿಗೆ

ಕಾಕ್‌ಪಿಟ್ ಕಂಟ್ರಿ ಎಂಬ ಸುಣ್ಣಕಲ್ಲಿನ ಗುಡ್ಡಗಾಡು ಮತ್ತು ಅಲ್ಲಿನ ವಿಂಡ್ಸರ್ ಗುಹೆ ಒಂದಿಡೀ ದಿನದ ಕೆಲಸ. ದಾರಿ ಕೆಟ್ಟದ್ದು, ಸ್ಥಳೀಯ ಗೈಡ್ ಬೇಕೇ ಬೇಕು. ಚಾರಣದ ಹುಚ್ಚಿದ್ದರೆ ಮಾತ್ರ ಹೋಗಿ. ಬರೀ ಮರಳು, ತಿಳಿನೀರು ಸಾಕೆನ್ನುವವರಿಗೆ ಬರ್‌ವುಡ್ ಕಡಲತೀರ ಇದೆ. ಆಳ ಕಡಿಮೆ, ಸಣ್ಣ ಮಕ್ಕಳಿಗೆ ಒಳ್ಳೆಯದು.

ಕ್ರಿಕೆಟ್ ಹುಚ್ಚಿನವರಿಗೆ ಒಂದು ವಿಷಯ. ಊರ ಹೊರಗಿನ ಸ್ಟೇಡಿಯಂನಲ್ಲೇ 2007ರ ವಿಶ್ವಕಪ್ಪಿನ ಉದ್ಘಾಟನೆ ನಡೆದದ್ದು. ಅದಕ್ಕೆ ಮುಂಚೆ ನಮ್ಮ ದ್ರಾವಿಡ್ ನಾಯಕತ್ವದ ತಂಡ ಅಭ್ಯಾಸ ಪಂದ್ಯ ಆಡಿದ್ದೂ ಅಲ್ಲೇ. ಆ ವಿಶ್ವಕಪ್ಪಿನಲ್ಲಿ ಆಮೇಲೆ ಏನಾಯಿತು ಎಂದು ಬೇರೆ ಹೇಳಬೇಕಿಲ್ಲ. ನಾನು ಟ್ಯಾಕ್ಸಿಯಿಂದಲೇ ಕೈಮುಗಿದು ಮುಂದೆ ಹೋದೆ.

ಊಟದ ಚಿಂತೆ ಮಾಡುವ ಸಸ್ಯಾಹಾರಿಗಳು ‘ಐಟಲ್’ ಎಂಬ ಪದ ಕಲಿತುಕೊಳ್ಳಿ. ಜಮೈಕಾದಲ್ಲಿ ಹುಟ್ಟಿದ ರಾಸ್ತಾಫಾರಿ ಎಂಬ ಧಾರ್ಮಿಕ ಪಂಥದವರ ಅಡುಗೆ, ಮಾಂಸ ಇಲ್ಲ, ಉಪ್ಪು ಕೂಡ ಹಾಕದಿರಬಹುದು. ಇಲ್ಲಿನ ಕಲಲೂ ನಮ್ಮ ಹರಿವೆ ಸೊಪ್ಪಿನ ಬಳಗದ್ದೇ. ‘ರೈಸ್ ಆ್ಯಂಡ್ ಪೀಸ್’ ಎಂದರೆ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ, ಕಾಳು. ಅತ್ತೆಯ ಕೈಚೀಲದಲ್ಲಿದ್ದ ಉಪ್ಪಿನಕಾಯಿ ಪೊಟ್ಟಣ ಅವತ್ತು ಎರಡಕ್ಕೂ ಹೊಂದಿತು.

ಹಾಗಾದರೆ ಯಾರಿಗೆ ಯಾವುದು?

ಹಡಗಿನಲ್ಲಿ ಅಪ್ಪ ಅಮ್ಮನ ಜೊತೆ ಬಂದವರು ಬೆಳಿಗ್ಗೆ ಊರಿನಲ್ಲಿ ಒಂದೂವರೆ ಗಂಟೆ, ಆಮೇಲೆ ತೆಪ್ಪ. ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಕೈ ಬಿಗಿ ಇದ್ದರೆ ಊರು ಮತ್ತು ಬರ್‌ವುಡ್, ಟ್ಯಾಕ್ಸಿಯ ಖರ್ಚಷ್ಟೇ. ಹತ್ತುವ ಮುನ್ನವೇ ದರ ಮಾತಾಡಿ, ಹೇಳಿದ್ದು ಯಾವ ಡಾಲರಿನಲ್ಲಿ ಎಂದೂ ಕೇಳಿ. ಒಂದು ಅಮೆರಿಕನ್ ಡಾಲರ್ ಎಂದರೆ ಸುಮಾರು 160 ಜಮೈಕಾ ಡಾಲರ್. ದೊಡ್ಡ ಮಕ್ಕಳಿದ್ದರೆ ಗುಡ್ ಹೋಪ್ ಒಂದಕ್ಕೇ ದಿನ ಕೊಡಿ. ಚರಿತ್ರೆಯ ಹುಚ್ಚಿನವರಿಗೆ ಊರು, ಗ್ರೀನ್‌ವುಡ್. ಮಾಂಟೆಗೊ ಬೇಯಲ್ಲಿ ಉಳಿದವರು ಮಧ್ಯಾಹ್ನ ಮೂರಕ್ಕೆ ಹೊರಟು, ದಾರಿಯಲ್ಲಿ ಗ್ರೀನ್‌ವುಡ್ ನೋಡಿ, ಸಂಜೆ ಬಿಸಿಲಿಳಿದ ಮೇಲೆ ಊರು ಸುತ್ತಿ, ಕತ್ತಲಿಗೆ ಹಿನ್ನೀರು. ಒಂದೇ ಟ್ಯಾಕ್ಸಿಯಲ್ಲಿ ಮೂರೂ ಮುಗಿಯುತ್ತವೆ.

ಬುಕ್ ಮಾಡುವ ಮುನ್ನ ಮೂರು ವಿಷಯ ನೋಡಿಕೊಳ್ಳಿ. 2025ರ ಅಕ್ಟೋಬರ್ 28ರಂದು ಮೆಲಿಸಾ ಚಂಡಮಾರುತ ಜಮೈಕಾದ ಪಶ್ಚಿಮ ಭಾಗವನ್ನು ಜಜ್ಜಿ ಹೋಯಿತು. ನಾನು ಎರಡೂ ಸಲ ಹೋದದ್ದು ಅದಕ್ಕೆ ಮುಂಚೆ. ಹಾಗಾಗಿ ನಿಮಗೆ ಬೇಕಾದ ಜಾಗ ತೆರೆದಿದೆಯೇ ಎಂದು ಅಲ್ಲಿಗೇ ಕೇಳಿ ಖಚಿತ ಮಾಡಿಕೊಳ್ಳಿ. ಎಚ್-1ಬಿ ಎಂಬ ಅಮೆರಿಕದ ಕೆಲಸದ ವೀಸಾದಲ್ಲಿ ಇರುವವರು ಹಡಗು ಹತ್ತುವ ಮುನ್ನ ಪಾಸ್‌ಪೋರ್ಟಿನಲ್ಲಿ ಆ ವೀಸಾ ಮುದ್ರೆಯ ಅವಧಿ ಮುಗಿದಿಲ್ಲ ತಾನೆ ಎಂದು ನೋಡಿ. ಇನ್ನೊಂದು, ಗಡಿಯಾರ. ಜಮೈಕಾದವರು ಬೇಸಿಗೆಗೆ ಗಡಿಯಾರ ಮುಂದೆ ತಳ್ಳುವುದಿಲ್ಲ. ಹಡಗಿನ ಸಮಯಕ್ಕೂ ದಡದ ಸಮಯಕ್ಕೂ ಒಂದು ಗಂಟೆ ವ್ಯತ್ಯಾಸ ಇರಬಹುದು, ಫೋನು ತನ್ನಷ್ಟಕ್ಕೆ ದಡದ ಸಮಯಕ್ಕೆ ತಿರುಗಿಬಿಡುತ್ತದೆ. ನಮ್ಮ ಮಾವ ಕಟ್ಟಿಕೊಂಡಿದ್ದ ಹಳೇ ಎಚ್‌ಎಂಟಿ ವಾಚು ನಂಬಿಯೇ ನಾವು ಅವತ್ತು ಸರಿಯಾದ ಹೊತ್ತಿಗೆ ಹಡಗು ಹತ್ತಿದ್ದು.